ಉಸಿರು ಪಳಗಿತು, ಕಲ್ಲು ಪಳಗಲಿಲ್ಲ

ಬೆಂಗಳೂರಿಂದ ಬಂದ ತಂಗಿ ಮಗನಿಗೆ 'ಮೈಂಡ್‌ಫುಲ್ ಟೀ' ಕುಡಿಯಬೇಕಿತ್ತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಂದು ಹೋಮ್‌ಸ್ಟೇ ಇದೆ, ಅಲ್ಲಿ ಕಲ್ಲಿನ ಟೀಪಾಟಲ್ಲಿ ಧ್ಯಾನ ಮಾಡುತ್ತಾ ಚಹಾ ಕಾಸುತ್ತಾರಂತೆ. ತಲೆಗೆ 1,500 ರೂಪಾಯಿ. ನಾನೂ ಹೊರಟೆ, ದೊಡ್ಡಮ್ಮನನ್ನೂ ಕರೆದುಕೊಂಡೆವು. ರೇಟು ಮಾತ್ರ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಕಾರು ಹತ್ತುತ್ತಿರಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮೊಬೈಲ್‌ಗಳನ್ನು ಬೆತ್ತದ ಬುಟ್ಟಿಗೆ ಹಾಕಿಸಿಕೊಂಡರು. ಡಿಜಿಟಲ್ ಡಿಟಾಕ್ಸ್ ಅಂತೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಒಂದು ಓಟಿಪಿ ಬರಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಜೂನಿಂದ ಸೆಪ್ಟೆಂಬರ್‌ವರೆಗೆ ಇಡೀ ಊರಿಗೆ ಪುಕ್ಕಟೆ ಡಿಟಾಕ್ಸ್. ಯಾರೂ ನಮ್ಮನ್ನು ಜ್ಞಾನಿಗಳು ಅಂದಿದ್ದಿಲ್ಲ.

ಆಮೇಲೆ ಚಹಾ ಗುರುಗಳು ಬಂದರು. ಹತ್ತು ನಿಮಿಷ ಕಣ್ಣು ಮುಚ್ಚಿ ಮಳೆಯ ಸದ್ದು ಕೇಳಿ ಎಂದರು. ಎಲ್ಲರೂ ಕೇಳಿದರು. ದೊಡ್ಡಮ್ಮ ಮಾತ್ರ ಕತ್ತೆತ್ತಿ ಮಾಡು ನೋಡತೊಡಗಿದರು. "ಎಲ್ಲೋ ಹಂಚು ಸರಿದಿದೆ, ಸೋರ್ತಾ ಉಂಟು" ಅಂತ ನನ್ನ ಕಿವಿಯಲ್ಲಿ ಹೇಳಿದರು. ನಿಜವೇ, ಮೂಲೆಯಲ್ಲಿ ತಟತಟ ಅನ್ನುತ್ತಿತ್ತು. ಅಷ್ಟು ಜನರಲ್ಲಿ ಮಳೆಯನ್ನು ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ.

ಟೀಪಾಟ್ ಬಂತು. ಬಳಪದ ಕಲ್ಲು, ಕೈಯಲ್ಲೇ ಕೊರೆದದ್ದು, ಬೆಲೆ 9,000. ಬೇಲೂರು, ಹಳೇಬೀಡಿನಲ್ಲಿ ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದೂ ಬಳಪದ ಕಲ್ಲನ್ನೇ. ಕೊರೆಯಲು ಮೆತ್ತಗೆ. ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಚಹಾಕ್ಕೆ ಒಳ್ಳೆಯದೇ, ಕಲ್ಲಿನ ಮೇಲೆ ನನ್ನ ತಕರಾರಿಲ್ಲ.

"ಎಲೆಯನ್ನು ನೋಡಿ. ಎಲೆಯೂ ನಿಮ್ಮನ್ನು ನೋಡಲಿ" ಎಂದರು ಗುರುಗಳು. ಇದು ಚೀನಾದ ಕಲ್ಲಿನ ಪರಂಪರೆ ಅಂತಲೂ ಸೇರಿಸಿದರು. ಚೀನಾದಲ್ಲಿ ಹೆಸರಾದ ಯಿಶಿಂಗ್ ಟೀಪಾಟ್ ಮಣ್ಣಿನದು! ಅಲ್ಲಿನ ಗೊಂಗ್‌ಫು ಕ್ರಮದಲ್ಲಿ ಪುಟ್ಟ ಪಾಟಿಗೆ ಜಾಸ್ತಿ ಸೊಪ್ಪು ಹಾಕಿ, ಕೆಲವೇ ಸೆಕೆಂಡು ಬಿಟ್ಟು ಬಗ್ಗಿಸುತ್ತಾರೆ. ಅದೇ ಸೊಪ್ಪಿಗೆ ಮತ್ತೆ ಮತ್ತೆ ನೀರು. ನಮ್ಮ ಗುರುಗಳು ಇಪ್ಪತ್ತು ನಿಮಿಷ ನೆನೆಸಿದರು. ನಮ್ಮ ಕಡೆ ಕಹಿ ಕಷಾಯವನ್ನೂ ಇಷ್ಟು ನಿರ್ದಯವಾಗಿ ಮಾಡುವುದಿಲ್ಲ. ನಡುವೆ ಜಪಾನಿನ ಹಳೇ ಚಹಾ ಗುರು ಸೆನ್ ನೋ ರಿಕ್ಯುವಿನ ಹೆಸರೂ ಬಂತು. 1591ರಲ್ಲಿ ತೀರಿಹೋದ ಆ ಪುಣ್ಯಾತ್ಮ, ಚಹಾಕ್ಕೆ ಎರಡು ಚಾಪೆಯ ಕೋಣೆ, ಸಾದಾ ಬಟ್ಟಲು ಸಾಕು ಅಂದವನು.

ದೊಡ್ಡಮ್ಮ ಅಷ್ಟು ಹೊತ್ತೂ ಪಾಟನ್ನೇ ನೋಡುತ್ತಿದ್ದರು. "ಇದು ನಮ್ಮ ಕಲ್ಲುಮರಿಗೆ ಅಲ್ವನಾ? ಒಂದು ಮೂತಿ ಅಂಟಿಸಿದ್ದಾರೆ ಅಷ್ಟೇ." ಮರಿಗೆ ಅಂದರೆ ಕಲ್ಲಿನ ಪಾತ್ರೆ, ನಮ್ಮನೆಯಲ್ಲೂ ಒಂದಿದೆ. ಮೊದಲು ಗೊಜ್ಜು, ಉಪ್ಪಿನಕಾಯಿಗೆ ಇತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಕೊಟ್ಟಿಗೆ ಸೇರಿತು. ಈಗ ಅದರಲ್ಲಿ ಹಸು ಅಕ್ಕಚ್ಚು ಕುಡಿಯುತ್ತದೆ, ಬಹಳ ಮೈಂಡ್‌ಫುಲ್ ಆಗಿ.

"ಪಳಗಿಸಿದ್ದೀರಾ?" ಅಂತ ದೊಡ್ಡಮ್ಮ ಗುರುಗಳನ್ನು ಕೇಳಿದರು.

"ಹನ್ನೆರಡು ವರ್ಷದಿಂದ ಉಸಿರನ್ನು ಪಳಗಿಸುತ್ತಾ ಇದ್ದೇನೆ, ಅಮ್ಮಾ."

"ಉಸಿರಲ್ಲ ಮಾರಾಯ್ರೆ, ಕಲ್ಲು!"

ಹೊಸ ಕಲ್ಲಿನ ಪಾತ್ರೆಯನ್ನು ತಂದ ದಿನವೇ ಒಲೆಗೆ ಇಡುವಂತಿಲ್ಲ. ಎಣ್ಣೆ, ಅರಿಶಿನ ಹಚ್ಚಿ ಕೆಲವು ದಿನ ಬಿಡಬೇಕು. ಆಮೇಲೆ ದಿನಾ ಬಿಸಿ ಗಂಜಿತಿಳಿ ತುಂಬಿಸಿ ಚೆಲ್ಲಬೇಕು. ಅದಾದ ಮೇಲೆ ಸಣ್ಣ ಉರಿ. ಅವಸರ ಮಾಡಿದರೆ ಸೀಳು ಬಿಡುತ್ತದೆ. ದೊಡ್ಡಮ್ಮ ಇಷ್ಟನ್ನೂ ಹೇಳಲು ಬಾಯಿ ತೆರೆದರು. ಗುರುಗಳು ತುಟಿಯ ಮೇಲೆ ಬೆರಳಿಟ್ಟು, ಆರಿದ ಚಹಾ ಬಿಸಿ ಮಾಡಲು ಪಾಟನ್ನು ಗ್ಯಾಸ್ ಮೇಲಿಟ್ಟರು.

ಟಕ್!

"ಈ ಶಬ್ದವನ್ನು ಗಮನಿಸಿ" ಎಂದರು ಗುರುಗಳು, ಕಣ್ಣು ಮುಚ್ಚಿಕೊಂಡೇ. ಎಲ್ಲರೂ ಗಮನಿಸಿದರು. ತಂಗಿ ಮಗನ ಕಣ್ಣಲ್ಲಿ ನೀರು. ಚಹಾ ಒಲೆಯಿಂದ ಇಳಿದು, ಮೇಜು ದಾಟಿ, ಅವನ ಪ್ಯಾಂಟಿಗೆ ಬಂದಿತ್ತು.

ದೊಡ್ಡಮ್ಮನಿಗೆ ಕಲ್ಲು ಹಾಳಾಯಿತಲ್ಲ ಅಂತ ಸಂಕಟ. "ಒಡೆದದ್ದು ಕೊಡ್ತೀರಾ? ಹೂವಿನ ಗಿಡಕ್ಕಾದರೂ ಆಗ್ತದೆ" ಅಂದರು.

ಜಪಾನಿನಲ್ಲಿ ಬಿರುಕಿಗೆ ಚಿನ್ನದ ಪುಡಿ ತುಂಬುತ್ತಾರೆ, ಅದರ ಹೆಸರು ಕಿಂತ್ಸುಗಿ, ಆದ್ದರಿಂದ ಬಿರುಕಿದ್ದ ಪಾಟಿಗೆ 10,500 ಆಗುತ್ತದೆ ಎಂದರು ಗುರುಗಳು. ಚಿನ್ನ ನಾವೇ ಹಾಕಿಸಿಕೊಳ್ಳಬೇಕಂತೆ. ಬಿಲ್ಲಿನ ಹೊತ್ತಿಗೆ ಬುಟ್ಟಿಯಿಂದ ಮೊಬೈಲ್‌ಗಳೂ ವಾಪಸ್ ಬಂದವು.

ದಾರಿಯುದ್ದಕ್ಕೂ ದೊಡ್ಡಮ್ಮ ಮಾತಾಡಲಿಲ್ಲ. ಮನೆ ಮುಟ್ಟಿದವರೇ ನೇರ ಕೊಟ್ಟಿಗೆಗೆ ನಡೆದರು. ಮರಿಗೆ ತೊಳೆದು ಒಳಗೆ ತಂದಿಡು ಅಂತ ನನಗೆ ಹೇಳಿದರು. ಹಸುವಿಗೆ ಇನ್ನು ಮೇಲೆ ಪ್ಲಾಸ್ಟಿಕ್ ಬಕೆಟ್ ಸಾಕಂತೆ.