ಅಮ್ಮನ ರಿಪೋರ್ಟು, ನನ್ನ ಓಟಿಪಿ

ಮೂರು ತಿಂಗಳ ಹಿಂದೆ ಒಂದು ರಾತ್ರಿ ಹತ್ತೂವರೆಗೆ ಅಮ್ಮನ ರಕ್ತಪರೀಕ್ಷೆಯ ರಿಪೋರ್ಟು ಬಂತು. ಅಮ್ಮನಿಗಲ್ಲ, ನನ್ನ ಮೊಬೈಲಿಗೆ. ಆಸ್ಪತ್ರೆಯ ಪೋರ್ಟಲ್ಲಿನಲ್ಲಿ ಅವಳ ಖಾತೆಗೆ ಕೊಟ್ಟಿದ್ದದ್ದು ನನ್ನ ನಂಬರು. ಓಟಿಪಿ ಹಾಕಿ ತೆರೆದರೆ ಪೂರ್ತಿ ಇಂಗ್ಲಿಷು, ಮಧ್ಯೆ ಒಂದೇ ಸಾಲು ಕೆಂಪು: ಇಜಿಎಫ್‌ಆರ್ 54. ಪಕ್ಕದಲ್ಲಿ 'ಎಲ್'.

ಎಲ್ ಅಂದರೆ ಕಡಿಮೆ, ಅಷ್ಟು ಗೊತ್ತು. ಎಷ್ಟು ಹೆದರಬೇಕು ಅನ್ನೋದು ಗೊತ್ತಿಲ್ಲ. ಗೂಗಲ್ ಮಾಡುತ್ತಾ ಕೂತೆ. ಹನ್ನೊಂದೂವರೆ ಹೊತ್ತಿಗೆ ನಾನು ಡಯಾಲಿಸಿಸ್ ಖರ್ಚಿನ ಲೆಕ್ಕದಲ್ಲಿದ್ದೆ. ಅಮ್ಮ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಡಾಕ್ಟರು ರಿಪೋರ್ಟು ಪಕ್ಕಕ್ಕಿಟ್ಟು ಅಮ್ಮನನ್ನೇ ಕೇಳಿದರು: "ಮಂಡಿನೋವಿಗೆ ಏನ್ ತಗೋತೀರಿ?" ಅಮ್ಮ ನನ್ನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು. ಮೆಡಿಕಲ್ ಶಾಪಿನವನು ಕೊಟ್ಟ ನೋವಿನ ಮಾತ್ರೆ, ದಿನಕ್ಕೆರಡು, ಯುಗಾದಿಯಿಂದ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ ಅನ್ನಿ.

ಆಮೇಲೆ ಬಿಡಿಸಿ ಹೇಳಿದರು. ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನೋದರ ಅಂದಾಜು ಈ ಇಜಿಎಫ್‌ಆರ್. ರಕ್ತದಲ್ಲಿನ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯದ ಪ್ರಮಾಣ, ವಯಸ್ಸು, ಹೆಣ್ಣೋ ಗಂಡೋ ಇವಿಷ್ಟನ್ನು ಸೂತ್ರಕ್ಕೆ ಹಾಕಿ ತೆಗೆಯೋದು. ಇಂಥ ನೋವಿನ ಮಾತ್ರೆಯಿಂದಲೂ ಇಳಿಯಬಹುದು, ನೀರು ಸರಿಯಾಗಿ ಕುಡಿಯದಿದ್ದರೂ ಇಳಿಯುತ್ತೆ. ಒಂದು ಸಲದ 54 ನೋಡಿ ಕಾಯಿಲೆ ಅನ್ನೋಕಾಗಲ್ಲ. ಮೂರು ತಿಂಗಳಾದರೂ 60ರ ಕೆಳಗೇ ನಿಂತಿದ್ದರೆ ಆಗ ಯೋಚನೆ. ಮಾತ್ರೆ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ.

ಇಷ್ಟನ್ನು ಆ ಕೆಂಪು ಸಾಲಿನ ಕೆಳಗೆ ಕನ್ನಡದಲ್ಲಿ ಬರೆಯೋಕೆ ಏನು ಅಡ್ಡಿ? ಬಿಲ್ಲು ಕಟ್ಟುವ ಬಟನ್ನು ಮಾತ್ರ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿದೆ!

ಪೋರ್ಟಲ್ಲೇ ಬೇಡ ಅನ್ನುವವನಲ್ಲ ನಾನು. ಅಪ್ಪನ ಫೈಲು ಹೊತ್ತು ಊರೂರು ತಿರುಗಿದ್ದೀನಿ. 2021ರಲ್ಲಿ, ಆರೋಗ್ಯ ದಾಖಲೆಗಳನ್ನು ಆನ್‌ಲೈನಿನಲ್ಲಿ ಜೋಡಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂದಾಗ ಖುಷಿಪಟ್ಟವನೇ. ಅದರ ಆರೋಗ್ಯ ಗುರುತಿನ ಸಂಖ್ಯೆ, 14 ಅಂಕಿಯ ಆಭಾ ನಂಬರನ್ನು ಅಮ್ಮನಿಗೂ ಮಾಡಿಸಿದ್ದೀನಿ. ಅದರಲ್ಲಿ ರೋಗಿಯ ಒಪ್ಪಿಗೆ ಇಲ್ಲದೆ ದಾಖಲೆ ಹಂಚುವ ಹಾಗಿಲ್ಲ. ಒಳ್ಳೆಯದೇ. ಆದರೆ ನಮ್ಮ ಮನೆಯಲ್ಲಿ ಅಮ್ಮನ ಪರವಾಗಿ 'ಒಪ್ಪಿಗೆ' ಒತ್ತಿದ್ದು ನನ್ನ ಹೆಬ್ಬೆರಳು.

ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿ ಬಿಟ್ಟರೆ, ರಿಪೋರ್ಟು ತಯಾರಾದ ತಕ್ಷಣ ರೋಗಿಗೆ ಸಿಗಬೇಕು ಅನ್ನೋ ನಿಯಮ ಇದೆ. ಅಲ್ಲಿರುವ ಗೆಳೆಯನೊಬ್ಬ ತನ್ನ ಬಯಾಪ್ಸಿ ಫಲಿತಾಂಶವನ್ನು ಡಾಕ್ಟರಿಗಿಂತ ಮೊದಲೇ ಕಾರ್ ಪಾರ್ಕಿಂಗಿನಲ್ಲಿ ಓದಿದ. ಇಂಗ್ಲಿಷ್ ಬಲ್ಲವನ ಕಥೆಯೇ ಹಾಗೆ.

ತಂಗಿಯ ಬಸಿರಲ್ಲಿ ಕೊಟ್ಟಿದ್ದ ತಾಯಿ ಕಾರ್ಡ್ ಇನ್ನೂ ಮನೆಯಲ್ಲಿದೆ. ಕನ್ನಡದಲ್ಲಿದೆ, ಚಿತ್ರಗಳಿವೆ, ಮಗುವಿನ ತೂಕ ಗುರುತು ಹಾಕಲು ಬಣ್ಣದ ಪಟ್ಟಿ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಬೆರಳಿಟ್ಟು ತೋರಿಸುತ್ತಿದ್ದರು. ಕಾರ್ಡು ಇರುತ್ತಿದ್ದದ್ದು ತಂಗಿಯ ಬ್ಯಾಗಿನಲ್ಲಿ. ಪಾಸ್‌ವರ್ಡಿಲ್ಲದ ಆ ರಟ್ಟಿನ ಕಾಗದದ ಎದುರು ಈ ಪೋರ್ಟಲ್ಲು ನನಗೆ ಹಳೇ ಕಾಲದ್ದು ಅನಿಸುತ್ತೆ.

ಈಗ ಖಾತೆಗೆ ಅಮ್ಮನ ನಂಬರನ್ನೇ ಕೊಟ್ಟಿದ್ದೀನಿ. ಓಟಿಪಿ ಅವಳ ಕೀಪ್ಯಾಡ್ ಫೋನಿಗೆ ಬರುತ್ತೆ. ಅವಳು ಓದಿ ಹೇಳಬೇಕು, ನಾನು ಒತ್ತಬೇಕು. ಮೊನ್ನೆ ಎರಡನೇ ರಿಪೋರ್ಟು ಬಂದಾಗ ನಾಲ್ಕು ಅಂಕಿ ಹೇಳಿ ಸುಮ್ಮನಾದಳು. ಮುಂದೇನಮ್ಮ ಅಂದೆ.

"ಮೊದಲು ಇದ್ಯಾತರದ್ದು ಹೇಳು, ಆಮೇಲೆ ಉಳಿದೆರಡು" ಅಂದಳು.