ಸಾರು ಬರುವ ಮೊದಲೇ ಸಂಬಳ ಕೇಳಿಯಾಗಿತ್ತು

ಮೊನ್ನೆ ಉಡುಪಿಯಲ್ಲೊಂದು ಮದುವೆ. ಗಂಡನ ಕಡೆಯ ಸಂಬಂಧ, ಹೋಗದೆ ಇರುವ ಹಾಗಿರಲಿಲ್ಲ. ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಕೂತ ಮೇಲೆ ನೋಡಿದರೆ ಪಕ್ಕದ ಎಲೆ ದೊಡ್ಡಮ್ಮನದ್ದು. ಸ್ವಂತ ದೊಡ್ಡಮ್ಮ ಅಲ್ಲ. ಯಾವ ಬಳ್ಳಿ ಎಲ್ಲಿ ಸುತ್ತಿಕೊಂಡು ಅವರು ನನಗೆ ದೊಡ್ಡಮ್ಮ ಆದರೋ, ಇವತ್ತಿಗೂ ಗೊತ್ತಿಲ್ಲ. ಪಂಕ್ತಿಯಲ್ಲಿ ಕೂತವಳು ನಡುವೆ ಏಳುವ ಹಾಗಿಲ್ಲ ಅಲ್ವಾ? ಅದು ಅವರಿಗೂ ಚೆನ್ನಾಗಿ ಗೊತ್ತು.

ಕೋಸಂಬರಿ ಬಡಿಸುವಾಗ "ಈಗ ಎಲ್ಲಿ ಕೆಲಸ?" ಅನ್ನ ಬೀಳುವಾಗ "ಕೈಗೆ ಎಷ್ಟು ಬರ್ತದೆ?" ಖರ್ಚಿಗೆ ಸಾಕಾಗ್ತದೆ ದೊಡ್ಡಮ್ಮ ಅಂತ ನಗುತ್ತಲೇ ಹೇಳಿದೆ. "ಆದ್ರೂ, ಐವತ್ತು ದಾಟ್ತದಾ?" ಸಾರಿನ ಬಕೆಟ್ ಇನ್ನೂ ಆಚೆ ಸಾಲಿನಲ್ಲಿತ್ತು.

ಸಾಂಬಾರಿನ ಹೊತ್ತಿಗೆ ನಿಜವಾದ ವಿಷಯಕ್ಕೆ ಬಂದರು. "ಮತ್ತೆ? ಎಂತ ವಿಶೇಷ?"

ಮದುವೆಯಾಗಿ ಐದು ವರ್ಷ ಆದವಳ ಹತ್ತಿರ ಈ ಶಬ್ದಕ್ಕೆ ಇರುವುದು ಒಂದೇ ಅರ್ಥ. "ಇವತ್ತು ಹೋಳಿಗೆಯೇ ವಿಶೇಷ ದೊಡ್ಡಮ್ಮ, ತುಪ್ಪ ಹಾಕಿಸಿಕೊಳ್ಳಿ" ಅಂದೆ. ಇಷ್ಟು ನಯವಾಗಿ ಯಾರು ಹೇಳುತ್ತಾರೆ ಹೇಳಿ? ನನಗೇ ಸ್ವಲ್ಪ ಹೆಮ್ಮೆ ಆಯಿತು. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಆಮೇಲೆ ನನ್ನ ಕಡೆ ವಾಲಿ ದನಿ ತಗ್ಗಿಸಿದರು. ತಗ್ಗಿಸಿದ್ದು ಅಂದರೆ ಆಚೆ ಮೂರು ಎಲೆಗೆ ಕೇಳುವಷ್ಟು.

"ತೊಂದರೆ ಯಾರದ್ದು? ನಿನ್ನದಾ, ಅವನದ್ದಾ?"

ಹಿಡಿದ ತುತ್ತು ಕೈಯಲ್ಲೇ ಉಳಿಯಿತು. ಉತ್ತರಕ್ಕೂ ಅವರು ಕಾಯಲಿಲ್ಲ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದೆಯಾ, ಆಶ್ಲೇಷ ಬಲಿಯಾದರೂ ಆಯ್ತಾ, ಮಣಿಪಾಲದಲ್ಲಿ ತೋರಿಸಿದ್ದಾ ಮಂಗಳೂರಿನಲ್ಲಾ. ಎದುರು ಸಾಲಿನ ಹೆಂಗಸು ಹಪ್ಪಳ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಕಳೆದ ವರ್ಷ ನಮಗೆ ಎಂತ ಆಯ್ತು ಅಂತ ನನಗೆ ಗೊತ್ತು, ನನ್ನ ಗಂಡನಿಗೆ ಗೊತ್ತು. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಅದು ಪಾಯಸ ಬರುವವರೆಗೆ ಹೊತ್ತು ಕಳೆಯಲಿಕ್ಕೆ ಇಟ್ಟ ಸುದ್ದಿ ಅಲ್ಲ.

2011ರ ಜನಗಣತಿಗೆ ನಮ್ಮ ಮನೆಗೆ ಟೀಚರೊಬ್ಬರು ಬಂದಿದ್ದರು. ಮನೆಯವರ ಬಗ್ಗೆ ಕೇಳುವ ಆ ಹಾಳೆಯಲ್ಲಿ 29 ಪ್ರಶ್ನೆ. ಮದುವೆಯಾದ ಹೆಂಗಸರಿಗೆ ಮಕ್ಕಳ ಲೆಕ್ಕವೂ ಅದರಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಸಂಬಳ ಎಷ್ಟು ಅಂತ ಸರಕಾರವೂ ಕೇಳಲಿಲ್ಲ. ತೊಂದರೆ ಯಾರದ್ದು ಅಂತಂತೂ ಕೇಳಲೇ ಇಲ್ಲ. ಮತ್ತೆ, ಅಲ್ಲಿ ಬರೆಸಿದ್ದನ್ನು ಗುಟ್ಟಾಗಿ ಇಡಬೇಕು ಅಂತ 1948ರ ಜನಗಣತಿ ಕಾಯ್ದೆಯೇ ಉಂಟು. ದೊಡ್ಡಮ್ಮನಿಗೆ ಯಾವ ಕಾಯ್ದೆ? ನಾನು ಕೈ ತೊಳೆದು ಬರುವಷ್ಟರಲ್ಲಿ ಸುದ್ದಿ ವಧುವಿನ ಕೋಣೆ ಮುಟ್ಟಿತ್ತು.

ಇಷ್ಟಾದರೂ ನಯವಾಗಿ ಉತ್ತರ ಕೊಡಬೇಕಾದವಳು ನಾನೇ ಅಂತೆ! ಎಲ್ಲರೂ ಹೇಳುವುದು ಇದನ್ನೇ. ನಕ್ಕು ಸುಮ್ಮನಾಗು. ದೇವರು ಕೊಟ್ಟಾಗ ಅನ್ನು. ಮಾತು ತಿರುಗಿಸು. ಅದೆಲ್ಲ ಮಾಡಿ ನೋಡಿದ್ದೇನೆ ಮಾರಾಯ್ರೆ. ಒಮ್ಮೆ ನಕ್ಕು ಸುಮ್ಮನಾದೆ, "ನಾಚಿಕೊಂಡ್ಳು, ಉಂಟು ಕಾಣ್ತದೆ" ಅಂತ ವಾರದೊಳಗೆ ಸುರತ್ಕಲ್‌ನಿಂದ ಫೋನ್ ಬಂತು. ದೇವರು ಕೊಟ್ಟಾಗ ಅಂದರೆ ಹರಕೆಯ ಪಟ್ಟಿ ಶುರು. ಯಾಕೆ ಕೇಳಿದಿರಿ ಅಂತ ತಿರುಗಿ ಕೇಳಿದರೆ "ಸುಮ್ನೆ ಕೇಳಿದ್ದಪ್ಪ, ನಮ್ಮವಳು ಅಂತ." ನಾನು ನಯವಾಗಿ ಉತ್ತರಿಸಿದಷ್ಟೂ ಇನ್ನೊಂದು ಪ್ರಶ್ನೆಗೆ ಮಣೆ ಹಾಕಿದ ಹಾಗೆ.

ಅವತ್ತು ಕೊನೆಗೆ ನಾನು ಹೇಳಿದ್ದು ಇಷ್ಟೇ. "ದೊಡ್ಡಮ್ಮ, ಅದು ಇಲ್ಲಿ ಬೇಡ." ದನಿ ಏರಿಸಿರಲಿಲ್ಲ. ಮುಖ ಗಂಟು ಹಾಕಿರಲಿಲ್ಲ. ಅವರು ಮಜ್ಜಿಗೆ ಬರುವವರೆಗೆ ನನ್ನ ಕಡೆ ನೋಡಲಿಲ್ಲ.

ಗಂಡ ಗಂಡಸರ ಸಾಲಿನಲ್ಲಿ ಆರಾಮವಾಗಿ ಉಂಡು ಬಂದಿದ್ದ. ನಿನ್ನ ಹತ್ತಿರ ಎಂತ ಕೇಳಿದರು ಅಂದೆ. "ಗಾಡಿ ಮೈಲೇಜ್ ಎಷ್ಟು ಕೊಡ್ತದೆ ಅಂತ ಕೇಳಿದ್ರು" ಅಂದ.

ಅವನು ಉಡುಪಿಯಲ್ಲೇ ಉಳಿದ. ನಾನು ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೊರಟೆ. ಪಕ್ಕದಲ್ಲಿ ಕೂತ ಅಮ್ಮ ಕಾಪು ದಾಟುವವರೆಗೆ ಒಳ್ಳೆಯವರೇ ಇದ್ದರು. ಪಡುಬಿದ್ರಿಯಲ್ಲಿ "ನಿಮ್ಮದು ಯಾವ ಬರಿ?" ಯಾವ ಜನ ಅಂತ ನೇರ ಕೇಳಲಿಕ್ಕೆ ಸಂಕೋಚ, ಹಾಗಾಗಿ ಈ ಒಳದಾರಿ. ಬರಿ ಅಂದರೆ ತುಳುವರ ಕುಲ, ತಾಯಿಯ ಕಡೆಯಿಂದ ಬರುವುದು. ಒಂದೇ ಬರಿಯವರೊಳಗೆ ಮದುವೆ ಇಲ್ಲ. ಸಂಬಂಧ ನೋಡುವಾಗ ಕೇಳಲಿ, ಅದಕ್ಕೊಂದು ಅರ್ಥ ಉಂಟು. ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟವಳ ಬರಿ ಯಾಕೆ? ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡಿದೆ. ಇಳಿಯುವಾಗ ನೋಡಿದರೆ ನನ್ನ ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅದರ ತುದಿ ಫೋನಿಗೆ ಸಿಕ್ಕಿಸಿಯೇ ಇರಲಿಲ್ಲ.

ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತು "ಇವತ್ತು ಮೀನು ಎಂತ? ಬಂಗುಡೆಗೆ ಎಷ್ಟು ಹೇಳಿದ?" ಅಂತ ಕೇಳುವ ನೆರೆಮನೆ ಅಕ್ಕ ನನಗೆ ಬೇಕು. ಊಟ ಆಯ್ತಾ, ಓಡೆ ಪೋಪಿನಿ ಅಂದರೆ ಎಲ್ಲಿಗೆ ಹೊರಟದ್ದು, ಎಲ್ಲ ಕೇಳಿ. ಅಂದ ಹಾಗೆ ಮೀನಿನ ಮಾತು ಬಂತಲ್ಲ. ಮಳೆಗಾಲದಲ್ಲಿ ಅವು ಮೊಟ್ಟೆ ಇಡುವ ಸಮಯ ಅಂತ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಪೂರಾ 61 ದಿನ. ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಸುಮ್ನೆ ನಿಂತಿರುತ್ತವೆ. ಬಂಗುಡೆಯನ್ನೂ ಅಷ್ಟು ದಿನ ಅದರ ಪಾಡಿಗೆ ಬಿಡುತ್ತಾರೆ. ನನ್ನನ್ನು ಒಂದು ಊಟ ಮುಗಿಯುವವರೆಗೆ ಬಿಡಲಿಕ್ಕೆ ಆಗುವುದಿಲ್ಲವಾ?

ರಾತ್ರಿ ಅತ್ತೆಯ ಫೋನ್. "ದೊಡ್ಡಮ್ಮನ ಹತ್ತಿರ ಎಂತ ಮಾತಾಡಿದೆ ನೀನು? ಪಾಪ, ತುಂಬಾ ಬೇಜಾರು ಮಾಡಿಕೊಂಡಿದ್ದಾರೆ. ಸೊಸೆಗೆ ಸೊಕ್ಕು ಜಾಸ್ತಿ ಅಂದರು." ನನಗೆ ಬೇಜಾರಾಯಿತಾ ಅಂತ ಅತ್ತೆಯೂ ಕೇಳಲಿಲ್ಲ. ಇಷ್ಟು ಪ್ರಶ್ನೆಯ ನಡುವೆ ಅದೊಂದು ಯಾರ ಬಾಯಲ್ಲೂ ಬರಲಿಲ್ಲ ನೋಡಿ.

ಬರುವ ಭಾನುವಾರ ಮೂಲ್ಕಿಯಲ್ಲಿ ಗೃಹಪ್ರವೇಶ. ದೊಡ್ಡಮ್ಮನೂ ಬರುತ್ತಾರಂತೆ. ನಾನು ಬಡಿಸಲಿಕ್ಕೆ ನಿಲ್ಲುತ್ತೇನೆ ಅಂತ ಆ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ಸಾರಿನ ಬಕೆಟ್ ಹಿಡಿದವಳನ್ನು ಯಾರೂ ಎರಡು ಮಾತಿಗಿಂತ ಜಾಸ್ತಿ ನಿಲ್ಲಿಸಿಕೊಳ್ಳುವ ಹಾಗಿಲ್ಲ. ಹಿಂದಿನಿಂದ ಅನ್ನದವನು ಬರುತ್ತಿರುತ್ತಾನೆ.