ಮತ್ತೆ ಬಂದ ವೆರಿಕೋಸ್ ವೇನ್ಸ್: ಮೊದಲು ಸ್ಕ್ಯಾನ್, ಆಮೇಲೆ ಲೇಸರ್ ಮಾತು

ಆಪರೇಷನ್ ಆಗಿ ಕೆಲವು ವರ್ಷ ಕಳೆದ ಮೇಲೆ ಅದೇ ಕಾಲಲ್ಲಿ ಮತ್ತೆ ರಕ್ತನಾಳಗಳು ಉಬ್ಬಿಕೊಂಡರೆ ಆಗುವ ಬೇಸರ ಅಷ್ಟಿಷ್ಟಲ್ಲ. ನಮ್ಮ ಚಿಕ್ಕಮ್ಮನಿಗೆ ಹೀಗಾದಾಗ ಮನೆಯಲ್ಲಿ ಎರಡು ಮಾತು ಕೇಳಿಬಂತು. "ಮೊದಲ ಡಾಕ್ಟರ್ ಸರಿಯಾಗಿ ಮಾಡಿಲ್ಲ" ಅಂತ ಕೆಲವರು. "ಇದು ಹೋಗೋ ಕಾಯಿಲೆ ಅಲ್ಲ, ಸುಮ್ನೆ ಬಿಡು" ಅಂತ ಉಳಿದವರು. ಎರಡೂ ಅವಸರದ ತೀರ್ಮಾನ ಅನ್ನೋದು ನನ್ನ ಅಭಿಪ್ರಾಯ.

ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು. ಅದು ಕೆಳಗೆ ಜಾರದಂತೆ ತಡೆಯಲು ರಕ್ತನಾಳದೊಳಗೆ ಪುಟ್ಟ ಕವಾಟಗಳಿವೆ. ಆಪರೇಷನ್ನಿನಲ್ಲಿ ಕೆಟ್ಟ ನಾಳವನ್ನು ತೆಗೆಯುತ್ತಾರೆ, ಆದರೆ ಕವಾಟ ಸೋಲುವ ಗುಣ ಕಾಲಿನಲ್ಲಿ ಉಳಿದೇ ಇರುತ್ತದೆ. ಮುಂದೆ ಪಕ್ಕದ ಇನ್ನೊಂದು ನಾಳ ಕೆಡಬಹುದು. ಆಪರೇಷನ್ನಿನಲ್ಲಿ ತೊಡೆಸಂದಿನ ಹತ್ತಿರ ನಾಳವನ್ನು ಕಟ್ಟಿದ ಜಾಗದಲ್ಲೇ ಸಣ್ಣ ಹೊಸ ನಾಳಗಳು ಬೆಳೆಯಬಹುದು. ಒಳಗಿನ ಆಳದ ನಾಳಕ್ಕೂ ಚರ್ಮದ ಕೆಳಗಿನ ನಾಳಕ್ಕೂ ನಡುವಿನ ಕೊಂಡಿ ಸೋರಬಹುದು. ಹೆರಿಗೆಯಾದ ಹೆಂಗಸರಲ್ಲಿ ಕೆಲವೊಮ್ಮೆ ಮೂಲ ಕಾಲಲ್ಲೇ ಇರೋದಿಲ್ಲ, ಕಿಬ್ಬೊಟ್ಟೆಯ ನಾಳಗಳಲ್ಲಿ ಇರುತ್ತದೆ. ಹೌದು, ಮೊದಲ ಸಲ ಏನೋ ಬಿಟ್ಟುಹೋಗಿದ್ದೂ ಇರಬಹುದು. ಆದರೆ ಅದೊಂದೇ ಕಾರಣ ಅಲ್ಲ.

ಅದಕ್ಕೇ ಯಾವ ಯಂತ್ರದಿಂದ ಚಿಕಿತ್ಸೆ ಅಂತ ಕೇಳುವ ಮೊದಲು ಒಳ್ಳೆಯ ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದೊಳಗೆ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ತೋರಿಸುವ ಅಲ್ಟ್ರಾಸೌಂಡ್, ಆಗಬೇಕು. ಅದೂ ರೋಗಿಯನ್ನು ನಿಲ್ಲಿಸಿಕೊಂಡು. ಮಲಗಿದರೆ ರಕ್ತ ಜಾರೋದು ಸರಿಯಾಗಿ ಕಾಣೋದಿಲ್ಲ. ಮೀನಖಂಡವನ್ನು ಒತ್ತಿ ಬಿಟ್ಟಾಗ ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ರಕ್ತ ಹಿಂದಕ್ಕೆ ಹರಿದರೆ ಆ ನಾಳದ ಕವಾಟ ಕೆಟ್ಟಿದೆ ಅಂತ ಲೆಕ್ಕ. ಎಲ್ಲಿಂದ ಎಲ್ಲಿಗೆ ಸೋರುತ್ತಿದೆ ಅನ್ನೋ ನಕ್ಷೆ ಇಲ್ಲದೆ "ಲೇಸರ್ ಮಾಡಿಬಿಡೋಣ" ಅನ್ನುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಎರಡನೇ ಸಲ ತೊಡೆಸಂದನ್ನು ಕೊಯ್ಯೋದು ಕಷ್ಟದ ಕೆಲಸ. ಹಳೇ ಗಾಯದ ಗಂಟಿನ ನಡುವೆ ಕೈಯಾಡಿಸಬೇಕು. ಸೋಂಕು, ದುಗ್ಧರಸ ಸೋರುವ ಭಯ ಜಾಸ್ತಿ. ಸೂಜಿಯ ಮೂಲಕ ಮಾಡುವ ಚಿಕಿತ್ಸೆಗಳು ಇಲ್ಲೇ ನೆರವಿಗೆ ಬರೋದು. ನೇರವಾದ ನಾಳ ಉಳಿದಿದ್ದರೆ ಅದರೊಳಗೆ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ (ವಿದ್ಯುತ್ತಿನಿಂದ ಬಿಸಿಯಾಗುವ) ತಂತಿ ತೂರಿಸಿ ಶಾಖದಿಂದ ಮುಚ್ಚುತ್ತಾರೆ. ರೇಡಿಯೋಫ್ರೀಕ್ವೆನ್ಸಿಯಲ್ಲಿ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಭಾಗ ಸುಡದಂತೆ ಮರಗಟ್ಟಿಸುವ ಔಷಧಿ ಬೆರೆಸಿದ ನೀರನ್ನು ನಾಳದ ಸುತ್ತ ತುಂಬುತ್ತಾರೆ. ಸಾಮಾನ್ಯವಾಗಿ ಅದೇ ದಿನ ಎದ್ದು ನಡೆಯಬಹುದು.

ಆದರೆ ಮರಳಿ ಬಂದ ನಾಳಗಳು ಹೆಚ್ಚಾಗಿ ಸೊಟ್ಟಪಟ್ಟ. ತಂತಿ ಹೋಗೋದೇ ಇಲ್ಲ. ಅಂಥವಕ್ಕೆ ಫೋಮ್ ಒಪ್ಪುತ್ತದೆ. ಔಷಧಿಯನ್ನು ಗಾಳಿಯ ಜೊತೆ ಎರಡು ಸಿರಿಂಜುಗಳ ನಡುವೆ ಕಲಸಿ, ನೊರೆ ಮಾಡಿ, ಸ್ಕ್ಯಾನ್ ನೋಡುತ್ತಾ ಚುಚ್ಚುತ್ತಾರೆ. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನಾಳದ ಗೋಡೆಗೆ ಅಂಟುತ್ತದೆ, ನಾಳ ಮುಚ್ಚಿಕೊಳ್ಳುತ್ತದೆ. ಒಂದೇ ಸಲಕ್ಕೆ ಮುಗಿಯದಿರಬಹುದು. ಚರ್ಮದ ಮೇಲೆ ಕಂದು ಕಲೆ ಕೆಲವು ತಿಂಗಳು ಉಳಿಯಬಹುದು. ಅಪರೂಪಕ್ಕೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇದನ್ನೆಲ್ಲ ಮೊದಲೇ ಹೇಳುವ ಡಾಕ್ಟರನ್ನು ನಾನು ಜಾಸ್ತಿ ನಂಬುತ್ತೇನೆ.

ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2013ರಲ್ಲೇ ವೆರಿಕೋಸ್ ವೇನ್ಸ್‌ಗೆ ಮೊದಲು ಶಾಖದ ಚಿಕಿತ್ಸೆ, ಅದು ಒಗ್ಗದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್ ಅಂತ ಹೇಳಿದೆ. ಆದರೂ "ಮತ್ತೆ ಕೊಯ್ತಾರೆ" ಅನ್ನೋ ಹೆದರಿಕೆಯಿಂದ ಎಷ್ಟೋ ಜನ ಡಾಕ್ಟರ ಹತ್ತಿರ ಹೋಗೋದೇ ಇಲ್ಲ. ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ಗಟ್ಟಿಯಾಗಿದ್ದರೆ, ಹುಣ್ಣು ಮಾಯದೆ ಉಳಿದಿದ್ದರೆ ದಯವಿಟ್ಟು ತಡ ಮಾಡಬೇಡಿ. ಹೋಗುವಾಗ ಹಳೇ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ತಗೊಂಡು ಹೋಗಿ. ಯಾವ ನಾಳ ತೆಗೆದಿದ್ದಾರೆ, ಯಾವುದು ಉಳಿದಿದೆ ಅಂತ ಸ್ಕ್ಯಾನ್ ಮಾಡುವವರಿಗೆ ಅದರಿಂದ ಬೇಗ ಗೊತ್ತಾಗುತ್ತದೆ.